ಪಥ್ಯ ಅಂದರೆ ಉಪವಾಸವಲ್ಲ: ಕಿಡ್ನಿ ಕಾಯಿಲೆಯವರ ತಾಟಿನ ಬಗ್ಗೆ ಹನ್ನೊಂದು ಪಾಠ

ಗಬ್ಬೂರ ಈಗ ಅರ್ಧ ಹಳ್ಳಿ, ಅರ್ಧ ಹುಬ್ಬಳ್ಳಿ. ಒಳಗಿನ ಓಣಿಗಳಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ಇನ್ನೂ ಕೇಳುತ್ತದೆ. ಬೈಪಾಸ್ ಕ್ರಾಸಿಗೆ ಬಂದರೆ ಲಾರಿಗಳ ಸಾಲು, ಧಾಬಾ, ಮಿರ್ಚಿ-ಗಿರ್ಮಿಟ್ ಗಾಡಿ. ಒಂದೇ ಮನೆಯಲ್ಲಿ ಹಿರಿಯರು ರೊಟ್ಟಿ-ಪಲ್ಯ ಉಂಡರೆ, ಮಗ ಹೊರಗೆ ಉಂಡು ಬಂದಿರುತ್ತಾನೆ. ಸಕ್ಕರೆ ಕಾಯಿಲೆ, ಬಿಪಿ ಇಬ್ಬರನ್ನೂ ಹಿಡಿದಿರುತ್ತವೆ. ಕಿಡ್ನಿ ಸೋಲುವುದಕ್ಕೆ ಜಗತ್ತಿನ ಬಹುತೇಕ ಕಡೆ ಇರುವ ಎರಡು ದೊಡ್ಡ ಕಾರಣಗಳೂ ಇವೇ.

ನಾನು ಆಹಾರತಜ್ಞೆ. ಮನೆ ಗಬ್ಬೂರದಲ್ಲಿ, ಕೆಲಸ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಕಿಡ್ನಿ ವಿಭಾಗದಲ್ಲಿ. ನನ್ನ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹೇಳುವ ಮೊದಲ ಮಾತು ಒಂದೇ: "ಎಲ್ಲಾ ಬಿಟ್ಟೇನ್ರಿ ಅಕ್ಕಾರ, ಇನ್ನೇನ್ ತಿನ್ಲಿ ಹೇಳ್ರಿ." ರೊಟ್ಟಿ ಬಿಟ್ಟಿರುತ್ತಾರೆ, ಬ್ಯಾಳಿ ಬಿಟ್ಟಿರುತ್ತಾರೆ, ಹಾಲು-ಮೊಸರು, ಹಣ್ಣು, ಕಾಯಿಪಲ್ಲೆ ಎಲ್ಲ ಬಿಟ್ಟಿರುತ್ತಾರೆ. ಯಾರೋ ಬಂಧುಗಳು ಹೇಳಿದ್ದು, ಯಾವುದೋ ವೀಡಿಯೋದಲ್ಲಿ ಕೇಳಿದ್ದು, ಎಲ್ಲ ಸೇರಿ ನಿಷೇಧದ ಪಟ್ಟಿ ಉದ್ದವಾಗಿರುತ್ತದೆ, ಮೈ ಸೊರಗಿರುತ್ತದೆ. ಬಿಡಬೇಕಾದದ್ದು ಕೆಲವೇ ಕೆಲವು, ಅವು ಯಾವುವೆಂದು ನಿಮ್ಮ ರಿಪೋರ್ಟು ಹೇಳುತ್ತದೆ, ಉಳಿದದ್ದನ್ನು ಹೊಟ್ಟೆ ತುಂಬ ಉಣ್ಣಲೇಬೇಕು. ಈ ಕೆಲಸ ನನಗೆ ಕಲಿಸಿದ ಪಾಠಗಳ ಸಾರ ಇಷ್ಟೇ.

1. ಮೊದಲು ರಿಪೋರ್ಟು, ಆಮೇಲೆ ತಾಟು

ಕಿಡ್ನಿ ಕಾಯಿಲೆಗೆ ಐದು ಹಂತಗಳಿವೆ. ರಕ್ತದ ಕ್ರಿಯಾಟಿನಿನ್, ವಯಸ್ಸು, ಲಿಂಗ ಇವುಗಳಿಂದ ಇಜಿಎಫ್‌ಆರ್ ಎಂಬ ಅಂಕಿ ತೆಗೆಯುತ್ತಾರೆ. ಅದು 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಇದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಅಂಕಿ 60ರ ಮೇಲಿದ್ದರೂ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಲೇ ಇದ್ದರೆ ಅದೂ ಈ ಕಾಯಿಲೆಯೇ. 30ರಿಂದ 59ರವರೆಗೆ ಮೂರನೆಯ ಹಂತ, 15ರಿಂದ 29ರವರೆಗೆ ನಾಲ್ಕನೆಯದು, 15ಕ್ಕಿಂತ ಕೆಳಗೆ ಐದನೆಯದು.

ಮೂರನೆಯ ಹಂತದವರಿಗೆ ಬಹಳಷ್ಟು ಸಲ ಉಪ್ಪು ಇಳಿಸುವುದು, ಸಕ್ಕರೆ-ಬಿಪಿ ಹಿಡಿತದಲ್ಲಿಡುವುದು, ಪ್ರೋಟೀನ್ ಮಿತಿ ಮೀರದಂತೆ ನೋಡುವುದು, ಇಷ್ಟೇ ಸಾಕು. ಅವರ ಪೊಟ್ಯಾಸಿಯಂ ಸರಿಯಾಗಿದ್ದರೆ ಬಾಳೆಹಣ್ಣನ್ನು ಹೆದರಿ ಬಿಡುವ ಕಾರಣವಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವ ಪಕ್ಕದ ಮನೆಯವರ ಪಟ್ಟಿಯನ್ನು ಇವರು ಪಾಲಿಸಿದರೆ ಸುಮ್ಮನೆ ಸೊರಗುತ್ತಾರೆ. ಆದ್ದರಿಂದ ನನ್ನ ಹತ್ತಿರ ಬರುವಾಗ ನಾಲ್ಕು ಅಂಕಿ ತನ್ನಿ ಎನ್ನುತ್ತೇನೆ: ಇಜಿಎಫ್‌ಆರ್, ಪೊಟ್ಯಾಸಿಯಂ, ಫಾಸ್ಫರಸ್, ಅಲ್ಬುಮಿನ್. ಜೊತೆಗೆ ತೂಕ, ದಿನದ ಮೂತ್ರದ ಪ್ರಮಾಣ. ಇವಿಲ್ಲದೆ ಬರೆದುಕೊಟ್ಟ ಪಥ್ಯ ಯಾರದೋ ಅಳತೆಗೆ ಹೊಲಿದ ಅಂಗಿ.

2. ರೊಟ್ಟಿ ಬಿಡುವ ಅವಸರ ಬೇಡ

ಸಕ್ಕರೆ ಕಾಯಿಲೆ ಬಂದಾಗ "ಅನ್ನ ಬಿಡ್ರಿ, ರೊಟ್ಟಿ ಉಣ್ರಿ" ಎಂದವರೇ ಕಿಡ್ನಿ ಸೋತಾಗ "ರೊಟ್ಟಿ ಬಿಡ್ರಿ, ಅನ್ನ ಉಣ್ರಿ" ಎನ್ನುತ್ತಾರೆ. ರೋಗಿ ನಡುವೆ ಸಿಕ್ಕಿ ಎರಡನ್ನೂ ಬಿಡುತ್ತಾರೆ. ಇಲ್ಲಿ ಲೆಕ್ಕ ಹಾಕುವುದು ಒಳ್ಳೆಯದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 330 ಮಿಲಿಗ್ರಾಂ ಹತ್ತಿರ ಪೊಟ್ಯಾಸಿಯಂ, 270 ಮಿಲಿಗ್ರಾಂ ಹತ್ತಿರ ಫಾಸ್ಫರಸ್ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 8 ಗ್ರಾಂ, ಉಳಿದೆರಡೂ 100 ಮಿಲಿಗ್ರಾಂ ಆಸುಪಾಸು.

ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಪೊಟ್ಯಾಸಿಯಂ 165 ಮಿಲಿಗ್ರಾಂ ಆಯಿತು. ದೊಡ್ಡ ಬಾಳೆಹಣ್ಣೊಂದರಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ಇರುತ್ತದೆ. ಜೋಳದ ಫಾಸ್ಫರಸ್ಸಿನ ಬಹುಭಾಗ ಫೈಟೇಟ್ ರೂಪದಲ್ಲಿರುವುದರಿಂದ ನಮ್ಮ ಕರುಳು ಅದರಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಹೀರಿಕೊಳ್ಳುತ್ತದೆ. ಹಾಗಾಗಿ ಮೂರನೆಯ ಹಂತದವರಿಗೆ ರೊಟ್ಟಿ ನಿಲ್ಲಿಸುವ ಮಾತೇ ಇಲ್ಲ. ನಾಲ್ಕು, ಐದನೆಯ ಹಂತದಲ್ಲಿ ಪೊಟ್ಯಾಸಿಯಂ ಅಥವಾ ಫಾಸ್ಫರಸ್ ಏರಿದ್ದರೆ ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಅನ್ನ ಎಂದು ಹಂಚುತ್ತೇನೆ. ಜೀವನವಿಡೀ ರೊಟ್ಟಿ ಉಂಡವರಿಗೆ ರೊಟ್ಟಿ ಕಿತ್ತುಕೊಂಡರೆ ಅವರು ಊಟವನ್ನೇ ಬಿಡುತ್ತಾರೆ. ಆ ನಷ್ಟ ರೊಟ್ಟಿಯಿಂದ ಆಗುವ ನಷ್ಟಕ್ಕಿಂತ ದೊಡ್ಡದು.

3. ಉಪ್ಪು ಇರುವುದು ತಾಟಿನ ಅಂಚಿನಲ್ಲಿ

ನಮ್ಮ ಕಡೆಯ ಜೋಳದ ರೊಟ್ಟಿಗೆ ಬಹುತೇಕ ಮನೆಗಳಲ್ಲಿ ಉಪ್ಪನ್ನೇ ಹಾಕುವುದಿಲ್ಲ. ಹಿಟ್ಟು, ಬಿಸಿನೀರು, ಬಡಿಯುವ ಕೈ, ಅಷ್ಟೇ. ಕಿಡ್ನಿ ಕಾಯಿಲೆಯವರಿಗೆ ಇದು ದೊಡ್ಡ ವರ. ಬ್ರೆಡ್ಡಿನಲ್ಲಿ, ಬಿಸ್ಕೀಟಿನಲ್ಲಿ, ಉಪ್ಪಿಟ್ಟಿನಲ್ಲಿ, ಇಡ್ಲಿಯಲ್ಲಿ ಇಲ್ಲದ ಅನುಕೂಲ ಇದರಲ್ಲಿದೆ.

ಉಪ್ಪೆಲ್ಲ ಅಂಚಿನಲ್ಲಿ ಕೂತಿರುತ್ತದೆ: ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಪುಡಿ, ಕೆಂಪಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. "ಪಲ್ಯಕ್ಕ ಉಪ್ಪ ಕಡಿಮಿ ಹಾಕ್ತೀವ್ರಿ" ಎನ್ನುವ ಮನೆಯಲ್ಲೇ ಈ ಎಂಟರಲ್ಲಿ ನಾಲ್ಕಾದರೂ ಪ್ರತಿ ಊಟಕ್ಕೂ ಇರುತ್ತವೆ. ಹಪ್ಪಳಕ್ಕೆ ಉಪ್ಪಿನ ಜೊತೆ ಹಪ್ಪಳಖಾರವೂ ಬೀಳುತ್ತದೆ, ಅದೂ ಸೋಡಿಯಂ ಲವಣವೇ. ಮಿರ್ಚಿ-ಭಜಿಯ ಹಿಟ್ಟಿಗೆ ಹಾಕುವ ಅಡುಗೆ ಸೋಡಾದಲ್ಲಿಯೂ ಕಾಲುಭಾಗಕ್ಕಿಂತ ಹೆಚ್ಚು ಸೋಡಿಯಂ ಇದೆ.

ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು, ಅಂದರೆ ಒಂದು ಮಟ್ಟಸ ಟೀ ಚಮಚ. ಅದರಲ್ಲಿ 2 ಗ್ರಾಂ ಸೋಡಿಯಂ ಇರುತ್ತದೆ. ನಾನು ಮನೆಯವರಿಗೆ ಹೇಳುವ ಉಪಾಯ ಇದು: ರೋಗಿಯ ಪಾಲಿನ ದಿನದ ಉಪ್ಪನ್ನು ಬೆಳಿಗ್ಗೆಯೇ ಒಂದು ಸಣ್ಣ ಡಬ್ಬಿಗೆ ಅಳೆದು ಹಾಕಿಡಿ. ಅವರ ಪಲ್ಯಕ್ಕೂ ಸಾರಿಗೂ ಅದರಿಂದಲೇ ಹಾಕಿ, ಡಬ್ಬಿ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ರುಚಿಗೆ ನಿಂಬೆಹಣ್ಣು, ಬೆಳ್ಳುಳ್ಳಿ, ಹಸಿಶುಂಠಿ, ಜೀರಿಗೆ, ಕೊತ್ತಂಬರಿ, ಒಗ್ಗರಣೆಯ ಕರಿಬೇವು ಇವೆ. ಶೇಂಗಾ ಚಟ್ನಿಯನ್ನು ಉಪ್ಪಿಲ್ಲದೆ ಬೆಳ್ಳುಳ್ಳಿ ಮುಂದಾಗಿ ಕುಟ್ಟಿದರೆ ಒಂದು ಚಮಚಕ್ಕೆ ಅಡ್ಡಿಯಿಲ್ಲ. ನಾಲಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ "ಕಡಿಮೆ ಸೋಡಿಯಂ ಉಪ್ಪು" ಎಂದು ಮಾರುವ ಪಾಕೀಟಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಬಿಪಿ ಮಾತ್ರ ಇರುವವರಿಗೆ ಅದು ಒಳ್ಳೆಯದಿರಬಹುದು, ಕಿಡ್ನಿ ಸೋತವರಿಗೆ ಅಪಾಯ.

4. ಪ್ರೋಟೀನಿಗೆ ಎರಡು ಲೆಕ್ಕ: ಡಯಾಲಿಸಿಸ್ ಮುಂಚೆ ಒಂದು, ಆಮೇಲೆ ಇನ್ನೊಂದು

ನಾನು ಅತಿ ಹೆಚ್ಚು ಸಲ ಬಿಡಿಸಿ ಹೇಳಬೇಕಾಗುವ ಪಾಠ ಇದು. ಕಿಡ್ನಿ ಸೋತು ಇನ್ನೂ ಡಯಾಲಿಸಿಸ್ ಶುರುವಾಗದವರಿಗೆ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು, 2024ರಲ್ಲಿ ಬಂದದ್ದೂ ಸೇರಿ, ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಎನ್ನುತ್ತವೆ. 55 ಕಿಲೋ ತೂಗುವವರಿಗೆ 44 ಗ್ರಾಂ. ನಮ್ಮ ತಾಟಿನಲ್ಲಿ ಅದು ಹೀಗಿರುತ್ತದೆ: ಮೂರು ರೊಟ್ಟಿಗೆ 15 ಗ್ರಾಂ, ಒಂದು ಬಟ್ಟಲು ಅನ್ನಕ್ಕೆ 4, ಒಂದು ಹಿಡಿ ತೊಗರಿಬ್ಯಾಳಿಯ ಸಾರಿಗೆ 6ರಿಂದ 7, ಹಾಲು-ಮೊಸರು ಸೇರಿ ಕಾಲು ಲೀಟರಿಗೆ 8, ಅರ್ಧ ಬಟ್ಟಲು ಕಾಳುಪಲ್ಯಕ್ಕೆ 4, ಕಾಯಿಪಲ್ಲೆಗೆ 3, ಒಂದು ಚಮಚ ಶೇಂಗಾ ಚಟ್ನಿಗೆ 2. ಇದು ತುಂಬಿದ ತಾಟು. ಬ್ಯಾಳಿ ಬಿಡುವ ಅಗತ್ಯ ಇದರಲ್ಲಿ ಎಲ್ಲಿದೆ? ಇದಕ್ಕೂ ಕಡಿಮೆ ಪ್ರೋಟೀನಿನ ಪಥ್ಯ ಕೆಲವರಿಗೆ ಬೇಕಾಗುತ್ತದೆ. ಅದನ್ನು ಡಾಕ್ಟರು ಮತ್ತು ಆಹಾರತಜ್ಞರ ಉಸ್ತುವಾರಿಯಲ್ಲೇ ಮಾಡಬೇಕು.

ಡಯಾಲಿಸಿಸ್ ಶುರುವಾದ ದಿನ ಲೆಕ್ಕ ತಿರುಗುತ್ತದೆ. ಯಂತ್ರ ಕಸದ ಜೊತೆ ಅಮೈನೋ ಆಮ್ಲಗಳನ್ನೂ ಪ್ರತಿ ಸರತಿಗೆ ಕೆಲವು ಗ್ರಾಂ ತೊಳೆದುಬಿಡುತ್ತದೆ. ಈಗ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕು, ಅದೇ 55 ಕಿಲೋದವರಿಗೆ 55ರಿಂದ 66 ಗ್ರಾಂ. ತತ್ತಿ ತಿನ್ನುವವರಿಗೆ ಸುಲಭ: ಎರಡು ತತ್ತಿಯ ಬಿಳಿಭಾಗ ಸುಮಾರು 7 ಗ್ರಾಂ ಕೊಡುತ್ತದೆ, ಬಿಳಿಭಾಗದಲ್ಲಿ ಫಾಸ್ಫರಸ್ ಬಹಳ ಕಡಿಮೆ. ಶುದ್ಧ ಶಾಕಾಹಾರದ ಮನೆಗಳಲ್ಲಿ 50 ಗ್ರಾಂ ಮನೆಯ ಪನೀರ್, ಮೊಸರು, ಹೆಸರುಬ್ಯಾಳಿ ಹೆಚ್ಚಿಸುತ್ತೇವೆ, ಫಾಸ್ಫರಸ್ ಮೇಲೆ ಕಣ್ಣಿಡುತ್ತೇವೆ.

ಹಳೆಯ ಪಟ್ಟಿಗಳ ಕಟ್ಟುನಿಟ್ಟಿಗೆ ಒಂದು ಇತಿಹಾಸವಿದೆ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ದೀರ್ಘಕಾಲದ ಡಯಾಲಿಸಿಸ್‌ಗೆ ದಾರಿ ತೆರೆದರೂ ಯಂತ್ರ ಬಹಳ ಜನಕ್ಕೆ ದಕ್ಕುತ್ತಿರಲಿಲ್ಲ. 1963-64ರಲ್ಲಿ ಇಟಲಿಯ ಜೊರ್ದಾನೊ, ಜೊವನೆಟ್ಟಿ ಎಂಬ ವೈದ್ಯರು ದಿನಕ್ಕೆ 20 ಗ್ರಾಂ ಆಸುಪಾಸಿನ ಪ್ರೋಟೀನಿನ ಪಥ್ಯದಿಂದ ರೋಗಿಗಳ ವಾಂತಿ, ಸಂಕಟ ಇಳಿಸಿ ತೋರಿಸಿದರು. ಬೇರೆ ದಾರಿಯಿಲ್ಲದ ಕಾಲದ ಪಥ್ಯ ಅದು. ಈಗ ಬಡ ಕುಟುಂಬಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಯೋಜನೆ 2016ರಿಂದ ಇದೆ. ಯಂತ್ರದ ಮೇಲಿರುವವರು ಇನ್ನೂ ಆ ಕಾಲದ ಭಯದಲ್ಲಿ ಬ್ಯಾಳಿ ಬಿಟ್ಟು ಕೂತರೆ ಸ್ನಾಯು ಕರಗುತ್ತದೆ, ಅಲ್ಬುಮಿನ್ ಇಳಿಯುತ್ತದೆ, ಸೋಂಕು ಬೇಗ ಹತ್ತುತ್ತದೆ.

5. ಪೊಟ್ಯಾಸಿಯಂ ಕುದಿಸಿದ ನೀರಿಗೆ ಇಳಿಯುತ್ತದೆ, ಕಟ್ಟಿನ ಸಾರಿನಲ್ಲಿ ವಾಪಸು ಬರುತ್ತದೆ

ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಆಸುಪಾಸು ಇರಬೇಕು. 6 ದಾಟಿದರೆ ಹೃದಯದ ಬಡಿತ ತಪ್ಪುವ ಅಪಾಯ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇದು ಏರಿದವರಿಗೆ ಮಾತ್ರ ಮುಂದಿನ ಮಾತು.

ಕಾಯಿಪಲ್ಲೆಯನ್ನು ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ಧಾರಾಳ ನೀರಿನಲ್ಲಿ ಕುದಿಸಿ ಬಸಿದರೆ ಪೊಟ್ಯಾಸಿಯಂ ಗಣನೀಯವಾಗಿ ಇಳಿಯುತ್ತದೆ. ಬಟಾಟಿ, ಗಜ್ಜರಿ, ಸೊಪ್ಪು, ಕಾಳು, ಎಲ್ಲಕ್ಕೂ ಇದೇ ದಾರಿ. ಕುಕ್ಕರಿನಲ್ಲಿ ಸ್ವಲ್ಪ ನೀರು ಹಾಕಿ ಸೀಟಿ ಹೊಡೆಸಿದರೆ ಪ್ರಯೋಜನವಿಲ್ಲ, ನೀರು ಚೆಲ್ಲಿದರೆ ಮಾತ್ರ ಲಾಭ.

ಆದರೆ ನಮ್ಮ ಅಡಿಗೆಮನೆ ನೀರು ಚೆಲ್ಲುವುದಿಲ್ಲ. ಕಾಳು ಬಸಿದ ನೀರು, ಹೋಳಿಗೆಯ ಬ್ಯಾಳಿ ಬಸಿದ ನೀರು, ಎಲ್ಲ ಕಟ್ಟಿನ ಸಾರಾಗುತ್ತದೆ. ಬಸಿದ ಕಾಳನ್ನು ರೋಗಿಗೆ ಕೊಟ್ಟು, ಮೇಲೆ ಅದೇ ಸಾರನ್ನು "ಹಗುರ ಆಗ್ತದ" ಎಂದು ಬಡಿಸಿದರೆ ಮಾಡಿದ ಶ್ರಮವೆಲ್ಲ ನೀರುಪಾಲು. ಕಟ್ಟಿನ ಸಾರು ಮನೆಯ ಉಳಿದವರಿಗೆ ಇರಲಿ.

ರೊಟ್ಟಿಯ ಜೊತೆ ಹಸಿ ಮೆಂತ್ಯಸೊಪ್ಪು, ಹಕ್ಕರಿಕಿ, ಮೂಲಂಗಿ ತಿನ್ನುವುದು ಇಲ್ಲಿನ ರೂಢಿ. ಪೊಟ್ಯಾಸಿಯಂ ಏರಿದಾಗ ಹಸಿಸೊಪ್ಪಿನ ಬದಲು ನಾಲ್ಕು ಹೋಳು ಸೌತೆಕಾಯಿ, ಉಳ್ಳಾಗಡ್ಡಿ ಸಾಕು. ಹೀರೇಕಾಯಿ, ಸೋರೆಕಾಯಿ, ಪಡವಲಕಾಯಿ, ಎಲೆಕೋಸು ಹಗುರ. ಹಣ್ಣಿನಲ್ಲಿ ಸೇಬು, ಅನಾನಸ್ ಹೋಳು ನಡೆಯುತ್ತವೆ. ಎಳನೀರು ಒಂದು ಲೋಟಕ್ಕೆ 500ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಕೊಡುತ್ತದೆ. ಆಸ್ಪತ್ರೆಗೆ ನೋಡಲು ಬರುವವರು ಪ್ರೀತಿಯಿಂದ ತರುವುದೂ ಅದನ್ನೇ. ದಯವಿಟ್ಟು ತರಬೇಡಿ.

ಎಲ್ಲ ತಪ್ಪೂ ಊಟದ್ದಲ್ಲ. ಮಲಬದ್ಧತೆ, ರಕ್ತದ ಆಮ್ಲತೆ, ಹಿಡಿತ ತಪ್ಪಿದ ಸಕ್ಕರೆ, ಕೆಲವು ಬಿಪಿ ಗುಳಿಗೆಗಳು ಕೂಡ ಪೊಟ್ಯಾಸಿಯಂ ಏರಿಸುತ್ತವೆ. ಗುಳಿಗೆಯನ್ನು ನೀವಾಗಿಯೇ ಬಿಡಬೇಡಿ, ರಿಪೋರ್ಟು ಹಿಡಿದು ಡಾಕ್ಟರನ್ನು ಕೇಳಿ.

6. ಫಾಸ್ಫರಸ್ಸಿಗೆ ಬ್ಯಾಳಿಗಿಂತ ಪಾಕೀಟು ಹೆಚ್ಚು ಅಪಾಯ

ಫಾಸ್ಫರಸ್ ಏರಿದರೆ ಮೈ ತುರಿಸುತ್ತದೆ, ಎಲುಬು ಸವೆಯುತ್ತದೆ, ರಕ್ತನಾಳಗಳು ಗಡಸಾಗುತ್ತವೆ. ಕಾಳು-ಬ್ಯಾಳಿಯ ಫಾಸ್ಫರಸ್ ಅರೆಬರೆ ಹೀರಲ್ಪಟ್ಟರೆ, ಕಾರ್ಖಾನೆಯಲ್ಲಿ ಬೆರೆಸಿದ ಫಾಸ್ಫೇಟ್ ಹತ್ತಿರಹತ್ತಿರ ಪೂರ್ತಿಯಾಗಿ ರಕ್ತಕ್ಕೆ ಹೋಗುತ್ತದೆ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಫಾಸ್ಫರಸ್ ಪ್ರಮಾಣ ಸಮವಿದ್ದರೂ, ಮಾಂಸದ ಊಟದ ವಾರಕ್ಕಿಂತ ಧಾನ್ಯ-ಕಾಳಿನ ಊಟದ ವಾರದಲ್ಲಿ ಕಿಡ್ನಿ ರೋಗಿಗಳ ರಕ್ತದ ಫಾಸ್ಫರಸ್ ಕಡಿಮೆ ಇತ್ತು.

ಕಪ್ಪು ಕೋಲಾ, ನೂಡಲ್ಸ್, ಚೀಸ್, ಬೇಕರಿ ಕೇಕು, ಪಾಕೀಟಿನ ಮಾಂಸ, ಇವುಗಳ ಹಿಂದಿನ ಸಣ್ಣ ಅಕ್ಷರ ಓದಿ. 338ರಿಂದ 341ರವರೆಗಿನ ಅಂಕಿ, ಇಲ್ಲವೇ 450, 451, 452 ಕಂಡರೆ ಅದು ಫಾಸ್ಫೇಟ್. ಇಂಗ್ಲಿಷ್ ಓದಲು ಬಾರದ ಅಮ್ಮಂದಿರೂ ಈ ಅಂಕಿಗಳನ್ನು ಗುರುತಿಸಬಲ್ಲರು, ಶಾಲೆಗೆ ಹೋಗುವ ಮೊಮ್ಮಕ್ಕಳಂತೂ ಉತ್ಸಾಹದಿಂದ ಹುಡುಕಿ ಕೊಡುತ್ತಾರೆ.

ಫಾಸ್ಫರಸ್ ಕಟ್ಟುವ ಗುಳಿಗೆ ಬರೆದುಕೊಟ್ಟಿದ್ದರೆ ಅದನ್ನು ಊಟದ ಜೊತೆಯಲ್ಲೇ ನುಂಗಬೇಕು. ಬರಿ ಹೊಟ್ಟೆಯಲ್ಲಿ ನುಂಗಿದರೆ ಕಟ್ಟುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ.

7. ನೀರಿನ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ

"ಕಿಡ್ನಿಗೆ ನೀರು ಜಾಸ್ತಿ ಕುಡೀಬೇಕು" ಎಂಬ ಮಾತು ಊರೆಲ್ಲ ಹರಡಿದೆ. ಆರಂಭದ ಹಂತದಲ್ಲಿರುವ, ಬಾವು ಇಲ್ಲದ, ಮೂತ್ರ ಚೆನ್ನಾಗಿ ಹೋಗುವವರು ಬಾಯಾರಿದಷ್ಟು ಕುಡಿಯಲಿ. ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು, ಲಾರಿ ಓಡಿಸುವವರು ನೀರು ತಪ್ಪಿಸಲೇಬಾರದು, ಒಣಗಿದ ಮೈ ಕಿಡ್ನಿಗೆ ಇನ್ನಷ್ಟು ಪೆಟ್ಟು ಕೊಡುತ್ತದೆ.

ಮೂತ್ರ ಇಳಿದು ಕಾಲು ಬಾತವರಿಗೆ, ಡಯಾಲಿಸಿಸ್ ಮೇಲಿರುವವರಿಗೆ ಮಾತು ಬೇರೆ. ಸಾಮಾನ್ಯ ಲೆಕ್ಕ: ಹಿಂದಿನ ದಿನ ಹೋದ ಮೂತ್ರದ ಪ್ರಮಾಣ, ಮೇಲೆ ಅರ್ಧ ಲೀಟರ್. ಚಹಾ, ಮಜ್ಜಿಗೆ, ಸಾರು, ಅಂಬಲಿ, ಕಲ್ಲಂಗಡಿ, ಐಸ್‌ಕ್ರೀಂ ಎಲ್ಲವೂ ಈ ಲೆಕ್ಕದೊಳಗೆ ಬರಬೇಕು. ಎರಡು ಸರತಿಯ ನಡುವೆ ತೂಕ, ಡಾಕ್ಟರು ಹೇಳಿದ ಒಣ ತೂಕದ (ಮೈಯಲ್ಲಿನ ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) ಶೇಕಡಾ 4ನ್ನು ಮೀರಿ ಏರದಿದ್ದರೆ ಒಳ್ಳೆಯದು. ನಮ್ಮಲ್ಲಿ ವಾರಕ್ಕೆ ಎರಡೇ ಸರತಿ ಮಾಡಿಸಿಕೊಳ್ಳುವವರು ಬಹಳ. ನಡುವಿನ ದೊಡ್ಡ ಅಂತರದ ದಿನಗಳಲ್ಲಿ ಉಸಿರು ಕಟ್ಟಿ ಓಡಿ ಬರುವುದನ್ನು ತಪ್ಪಿಸಲು ಇದೇ ದಾರಿ.

ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಇದು ಕಠಿಣ ವ್ರತ. ದಿನದ ನೀರನ್ನು ಬೆಳಿಗ್ಗೆ ಒಂದೇ ಬಾಟಲಿಗೆ ತುಂಬಿಡಿ, ಸಣ್ಣ ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಯಿರಿ, ಬಾಯಿ ಮುಕ್ಕಳಿಸಿ ಉಗುಳಿ, ಒಂದು ಲವಂಗ ಬಾಯಲ್ಲಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ಉಪ್ಪು ಇಳಿಸಿ. ಮಧ್ಯಾಹ್ನ ಉಪ್ಪಿನಕಾಯಿ ತಿಂದವರು ಸಂಜೆ ನೀರು ತಡೆದುಕೊಳ್ಳಲಾರರು.

8. ಕಲ್ಲಿನ ಪಥ್ಯವೇ ಬೇರೆ, ಈ ಕಾಯಿಲೆಯ ಪಥ್ಯವೇ ಬೇರೆ

ಜನರ ಬಾಯಲ್ಲಿ ಎರಡೂ "ಕಿಡ್ನಿ ತ್ರಾಸು". ಕಲ್ಲಾದವರಿಗೆ ಹೇಳುವ ಬಾಳೆದಿಂಡಿನ ರಸ, ಹುರಳಿ ಕಟ್ಟು, ದಿನಕ್ಕೆ ಮೂರು ಲೀಟರ್ ನೀರು, ಇವನ್ನು ಕಿಡ್ನಿ ಸೋತವರು ಅನುಸರಿಸಿದರೆ ಪೊಟ್ಯಾಸಿಯಂ ಏರುತ್ತದೆ, ಎದೆಯಲ್ಲಿ ನೀರು ತುಂಬುತ್ತದೆ.

ರಸ, ಕಟ್ಟುಗಳಂತೆಯೇ ಕೆಲವು ಹಣ್ಣುಗಳಲ್ಲೂ ಎಚ್ಚರ ಬೇಕು. ಧಾರೆಹುಳಿ, ಅಂದರೆ ಕೊಯ್ದರೆ ಐದು ಮೂಲೆಯ ನಕ್ಷತ್ರದಂತೆ ಕಾಣುವ ಹಣ್ಣು, ಕಿಡ್ನಿ ಸೋತವರಿಗೆ ವಿಷ. ಅದರಲ್ಲಿರುವ ನರವಿಷವನ್ನು ಸೋತ ಕಿಡ್ನಿ ಹೊರಹಾಕಲಾರದು. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರುತ್ತವೆ, ಸಾವೂ ಆಗಿದೆ. ಅದರ ಜಾತಿಯದೇ ಆದ ಬಿಂಬುಲಿಯ ರಸವನ್ನು ಹೆಚ್ಚು ಕುಡಿದು ಆರೋಗ್ಯವಂತರೂ ಕಿಡ್ನಿ ಕೆಡಿಸಿಕೊಂಡದ್ದು ಕೇರಳದಿಂದ 2013ರಲ್ಲಿ ವರದಿಯಾಗಿದೆ. ಸಹಜವಾಗಿ ಬೆಳೆದದ್ದೆಲ್ಲ ನಿರಪಾಯ ಎಂದು ತಿಳಿಯಬೇಡಿ.

9. ಔಷಧ ಎಂದು ಬಾಯಿಗೆ ಹೋಗುವುದೂ ಊಟದ ಲೆಕ್ಕಕ್ಕೇ ಸೇರಬೇಕು

ಬೆನ್ನುನೋವು, ಮೊಣಕಾಲುನೋವಿಗೆ ಅಂಗಡಿಯಲ್ಲಿ ಕೇಳಿ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ಗುಳಿಗೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಕಟ್ಟುನಿಟ್ಟಾಗಿ ಪಥ್ಯ ಮಾಡಿದವರೂ ಇವುಗಳಿಂದ ಹಿಂದಕ್ಕೆ ಜಾರುತ್ತಾರೆ. "ಊಟ ಏನು" ಎಂದು ಕೇಳಿದಷ್ಟೇ ಗಟ್ಟಿಯಾಗಿ "ನೋವಿಗೆ ಏನು ತಗೋತೀರಿ" ಎಂದೂ ನಾನು ಕೇಳುತ್ತೇನೆ. ಹೆಸರಿಲ್ಲದ ಪುಡಿ, ಭಸ್ಮ, "ಕ್ರಿಯಾಟಿನಿನ್ ಇಳಿಸುವ" ಕಷಾಯಗಳಿಗೂ ಇದೇ ಮಾತು. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಸಿಕ್ಕಿವೆ.

ಇನ್ನು ಸಕ್ಕರೆ ಕಾಯಿಲೆಯ ಔಷಧ. ಕಿಡ್ನಿ ಸೋತಂತೆ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. "ಸಕ್ಕರೆ ತಾನೇ ಇಳೀತು, ಕಾಯಿಲೆ ಹೋತು" ಎಂದು ಖುಷಿಪಡುವಾಗಲೇ ಎಚ್ಚರವಾಗಬೇಕು. ಅದು ಕಿಡ್ನಿ ಇನ್ನಷ್ಟು ಸೋತಿರುವ ಸೂಚನೆ ಇರಬಹುದು. ಸಕ್ಕರೆ ಇಳಿದು ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಕೊಡಿ. ಪೊಟ್ಯಾಸಿಯಂ ಏರಿದವರಿಗೆ ಕಿತ್ತಳೆ ರಸವಾಗಲಿ ಬೆಲ್ಲವಾಗಲಿ ಬೇಡ.

10. ಹಬ್ಬ ಇರಲಿ, ಉಪವಾಸ ಬೇಡ

ನಾಗರಪಂಚಮಿಯ ಉಂಡಿ ಮುಟ್ಟಬಾರದು ಎಂದರೆ ಅದು ಯಾರ ಮನೆಯಲ್ಲೂ ನಡೆಯದ ಮಾತು. ಶೇಂಗಾ ಉಂಡಿ, ಎಳ್ಳುಂಡಿಗಳಲ್ಲಿ ಪೊಟ್ಯಾಸಿಯಂ, ಫಾಸ್ಫರಸ್ ಎರಡೂ ಹೆಚ್ಚು, ರವೆ ಉಂಡಿ ಹಗುರ. ಸಕ್ಕರೆ ಕಾಯಿಲೆ ಇದ್ದರೆ ಅರ್ಧ, ಇಲ್ಲದಿದ್ದರೆ ಒಂದು. ಹೋಳಿಗೆ ಸಣ್ಣದೊಂದು, ಕಟ್ಟಿನ ಸಾರು ಬೇಡ. ಧಾರವಾಡ ಪೇಢೆ ಒಂದು, ಅವತ್ತು ಬೇರೆ ಹಾಲಿನ ಪದಾರ್ಥ ಬೇಡ. ಹೀಗೆ ಒಂದಕ್ಕೆ ಬದಲು ಇನ್ನೊಂದನ್ನು ಬಿಡುವ ಲೆಕ್ಕ ಕಲಿತವರು ವರ್ಷಗಟ್ಟಲೆ ಪಥ್ಯ ನಡೆಸುತ್ತಾರೆ.

ಶಿವರಾತ್ರಿ ಬಂದರೆ ಹುಬ್ಬಳ್ಳಿಯ ಸಿದ್ಧಾರೂಢರ ಮಠದ ಜಾತ್ರೆ, ಮನೆಮನೆಯಲ್ಲಿ ಉಪವಾಸ. ಉಪವಾಸದ ಫಲಾಹಾರವೆಂದರೆ ಖರ್ಜೂರ, ಬಾಳೆಹಣ್ಣು, ಬಟಾಟಿ, ಶೇಂಗಾ, ಒಂದಕ್ಕಿಂತ ಒಂದು ಪೊಟ್ಯಾಸಿಯಂ. ಬರಿ ಸಾಬೂದಾಣಿಯಲ್ಲಿ ಅದು ಬಹಳ ಕಡಿಮೆ. ಶೇಂಗಾ, ಬಟಾಟಿ ಬಿಟ್ಟು ತುಪ್ಪ-ಜೀರಿಗೆ ಒಗ್ಗರಣೆಯಲ್ಲಿ ಮಾಡಿಕೊಂಡರೆ ವ್ರತವೂ ನಡೆಯುತ್ತದೆ. ರಂಜಾನ್ ತಿಂಗಳಲ್ಲಿ, ಕಾಯಿಲೆ ಮುಂದುವರಿದವರು ರೋಜಾ ಹಿಡಿಯುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ರೋಗಿಗಳಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ. ದೇವರು ಮೆಚ್ಚುವುದಕ್ಕೆ ಮೈ ದಂಡಿಸಲೇಬೇಕೆಂದು ಯಾವ ಹಿರಿಯರೂ ಕಾಯಿಲೆಯವರಿಗೆ ಹೇಳಿದ್ದನ್ನು ನಾನು ಕೇಳಿಲ್ಲ.

11. ಅಡಿಗೆ ಮಾಡುವವರನ್ನು ಕರೆತನ್ನಿ, ಅವರೇ ರೋಗಿಯಾದರೆ ಮೊದಲು ಅವರಿಗೆ ಬಡಿಸಿ

ರೋಗಿ ಗಂಡಸಾದರೆ ಜೊತೆಗೆ ಮಗನೋ ತಮ್ಮನೋ ಬರುತ್ತಾರೆ. ಅಡಿಗೆ ಮಾಡುವ ಹೆಂಡತಿ, ಸೊಸೆ ಮನೆಯಲ್ಲಿ. ನಾನು ಹೇಳಿದ್ದು ಮನೆ ತಲುಪುವ ಹೊತ್ತಿಗೆ "ಉಪ್ಪ ಬ್ಯಾಡ ಅಂದಾರ" ಎಂಬ ಒಂದು ಸಾಲಾಗಿರುತ್ತದೆ. ಅಳತೆ ಚಮಚ, ಬಸಿಯುವ ವಿಧಾನ, ಬದಲಿ ಕಾಯಿಪಲ್ಲೆ, ಇವನ್ನೆಲ್ಲ ಒಲೆಯ ಮುಂದೆ ನಿಲ್ಲುವವರ ಜೊತೆಗೇ ಮಾತಾಡಬೇಕು.

ರೋಗಿ ಹೆಣ್ಣಾದರೆ ಕಷ್ಟ ಇನ್ನೂ ಆಳ. ಮನೆಮಂದಿಗೆಲ್ಲ ರೊಟ್ಟಿ ಬಡಿದು, ಎಲ್ಲರೂ ಉಂಡ ಮೇಲೆ ಉಳಿದದ್ದರಲ್ಲಿ ಆಕೆಯ ಊಟ. ಪಲ್ಯ ಮುಗಿದಿರುತ್ತದೆ, ಮೊಸರು ಮುಗಿದಿರುತ್ತದೆ, ಉಳಿದಿರುವುದು ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ. ಬೇಡದ ಉಪ್ಪು ಪೂರ್ತಿ ಸಿಗುತ್ತದೆ, ಬೇಕಾದ ಪ್ರೋಟೀನ್ ಸಿಗುವುದೇ ಇಲ್ಲ. "ನನಗೊಬ್ಬಾಕಿಗೆ ಬ್ಯಾರೆ ಏನ್ ಮಾಡ್ಕೊಳ್ಳೂದ್ರಿ" ಎಂಬ ಆಕೆಯ 'ಬ್ಯಾಡ' ನಿಜವಾದ 'ಬ್ಯಾಡ' ಅಲ್ಲ. ಮನೆಯವರು ಅದನ್ನು ಅರ್ಥಮಾಡಿಕೊಳ್ಳಬೇಕು. ಆಕೆಯ ಬಟ್ಟಲು ಬ್ಯಾಳಿ, ಬಟ್ಟಲು ಮೊಸರನ್ನು ಎಲ್ಲರಿಗಿಂತ ಮೊದಲು ತೆಗೆದಿಡಿ.

ಬೇರೆ ಪಾತ್ರೆಯ ಅಡಿಗೆ ತಿಂಗಳೊಪ್ಪತ್ತು ನಡೆದೀತು, ವರ್ಷಗಟ್ಟಲೆ ನಡೆಯುವುದಿಲ್ಲ. ಒಂದೇ ಪಾತ್ರೆಯಲ್ಲಿ ಕಡಿಮೆ ಉಪ್ಪಿನ ಪಲ್ಯ ಮಾಡಿ ಎಲ್ಲರೂ ಉಣ್ಣಿ. ಮನೆಯ ಇನ್ನೊಬ್ಬರ ಬಿಪಿಗೂ ಅದೇ ಔಷಧ.

ಕೊನೆಗೆ ಓದುಗರಲ್ಲಿ ಎರಡು ಬೇಡಿಕೆ. ನಿಮ್ಮ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಅಥವಾ ಬಿಪಿ ಇದೆಯೋ ಅವರಿಗೆ ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ಬಹಳಷ್ಟು ಸೋಲುವವರೆಗೂ ಯಾವ ನೋವನ್ನೂ ಕೊಡುವುದಿಲ್ಲ, ಕಾದು ನೋಡಿದರೆ ತಡವಾಗುತ್ತದೆ. ಈಗಾಗಲೇ ಕಾಯಿಲೆ ಇದ್ದವರ ಮನೆಗೆ ಹೋದಾಗ "ಅದ ತಿನಬ್ಯಾಡ, ಇದ ತಿನಬ್ಯಾಡ" ಎಂಬ ಹೊಸ ಪಟ್ಟಿ ಕೊಟ್ಟು ಬರಬೇಡಿ. "ಇವತ್ತ ಹೊಟ್ಟಿ ತುಂಬ ಉಂಡ್ರ್ಯಾ?" ಎಂದು ಕೇಳಿ.